ಅರ್ಧ ಆಂಪಿಯರಿನ ತಕರಾರು

ಸೆಟ್ ಟಾಪ್ ಬಾಕ್ಸಿನ ಹಿಂದೆಯೋ ಪಕ್ಕದಲ್ಲೋ ಒಂದು ಯುಎಸ್‌ಬಿ ಕಿಂಡಿ ಇರುತ್ತದೆ. ಧಾರಾವಾಹಿ ರೆಕಾರ್ಡ್ ಮಾಡಿಕೊಳ್ಳಲು, ಮದುವೆ ಗೃಹಪ್ರವೇಶಗಳ ವಿಡಿಯೊ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಲು ಅದು ಅನುಕೂಲ. ಪೆನ್ ಡ್ರೈವ್ ಸಿಕ್ಕಿಸಿದರೆ ಸಲೀಸಾಗಿ ತೆರೆದುಕೊಳ್ಳುತ್ತದೆ. ಅದೇ ಕಿಂಡಿಗೆ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ ಮಾತ್ರ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಇಲ್ಲವೇ ಸಾಧನ ಸಿಗುತ್ತಿಲ್ಲ ಎಂಬರ್ಥದ ಒಂದು ಸಾಲು ಬರುತ್ತದೆ. ಇಲ್ಲವೇ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಬಾಕ್ಸೇ ಕೇಳುತ್ತದೆ. ಈ ಮೂರರಲ್ಲಿ ಮೂರನೆಯದೇ ಹೆಚ್ಚು ಅಪಾಯದ್ದು. ಏನಾದರೂ ಮಾಡಿ ತೆರೆದರೆ ಸಾಕು ಎನ್ನುವ ಆತುರದಲ್ಲಿ ರಿಮೋಟಿನ ಓಕೆ ಗುಂಡಿಯ ಮೇಲೆ ಬೆರಳು ಹೋಗಿಬಿಡುತ್ತದೆ, ವರ್ಷಗಟ್ಟಲೆ ಕೂಡಿಟ್ಟ ಚಿತ್ರಗಳು ಒಂದು ನಿಮಿಷದೊಳಗೆ ಕೈತಪ್ಪುತ್ತವೆ. ನನ್ನ ವಾದ ಇಷ್ಟೇ: ಬಾಕ್ಸಿಗೆ ಡಿಸ್ಕ್ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತನ್ನು, ಆಮೇಲೆ ಕೇಬಲನ್ನು, ಅದಾದ ಮೇಲೆ ಡಿಸ್ಕಿನೊಳಗಿನ ಬರವಣಿಗೆಯ ಪದ್ಧತಿಯನ್ನು. ಡಿಸ್ಕಿನ ಆರೋಗ್ಯದ ಪ್ರಶ್ನೆ ಕೊನೆಯದು. ಹಿಂದಕ್ಕೆ ಪಡೆಯಬಹುದಾದ ಹೆಜ್ಜೆಗಳೆಲ್ಲ ಮುಗಿಯುವವರೆಗೆ ಹಿಂದಕ್ಕೆ ಪಡೆಯಲಾಗದ ಹೆಜ್ಜೆ ಇಡಬಾರದು ಎಂಬುದೇ ಈ ಕ್ರಮಕ್ಕೆ ಆಧಾರ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ತೀರ್ಮಾನಗಳು ಕೇಳಿಬರುತ್ತವೆ. ‘ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಚೆನ್ನಾಗಿಯೇ ಓಡುತ್ತದೆ, ಹಾಗಾಗಿ ಬಾಕ್ಸ್ ಕೆಟ್ಟಿದೆ’ ಎನ್ನುವುದು ಒಂದು. ‘ಬಾಕ್ಸಿನಲ್ಲಿ ಪೆನ್ ಡ್ರೈವ್ ಓಡುತ್ತದೆ, ಹಾಗಾಗಿ ಡಿಸ್ಕ್ ಕೆಟ್ಟಿದೆ’ ಎನ್ನುವುದು ಇನ್ನೊಂದು. ಎರಡೂ ಕಣ್ಣಾರೆ ಕಂಡ ಸಾಕ್ಷ್ಯದ ಮೇಲೆ ನಿಂತಿವೆ, ಆದರೂ ಎರಡೂ ಸಾಮಾನ್ಯವಾಗಿ ತಪ್ಪು. ಬಾಕ್ಸೂ ಸರಿಯಿದ್ದು ಡಿಸ್ಕೂ ಸರಿಯಿದ್ದು ಅವೆರಡರ ನಡುವಿನ ಹೊಂದಾಣಿಕೆ ಮಾತ್ರ ಕೂಡಿಬರದೆ ಇರಬಹುದು. ಕಾರಣ ಕಿಂಡಿಯಲ್ಲಿ ಹರಿಯುವ ಕರೆಂಟಿನಲ್ಲಿದೆ. ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ 5 ವೋಲ್ಟಿನಲ್ಲಿ ಹೆಚ್ಚೆಂದರೆ 500 ಮಿಲಿ ಆಂಪಿಯರ್ ಕೊಡಬೇಕು, ಅಂದರೆ ಎರಡೂವರೆ ವಾಟ್. ಅದೂ ಸಾಧನ ತನ್ನ ಗುರುತು ಹೇಳಿಕೊಂಡು ಒಪ್ಪಿಗೆ ಪಡೆದ ಮೇಲೆ. ಅಲ್ಲಿಯವರೆಗೆ ಅದು 100 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯುವಂತಿಲ್ಲ. 2008ರಲ್ಲಿ ಬಂದ ಯುಎಸ್‌ಬಿ 3.0 ಈ ಮಿತಿಯನ್ನು 900 ಮಿಲಿ ಆಂಪಿಯರಿಗೆ ಏರಿಸಿತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಆ ಎರಡನೆಯ ಬಗೆ, ಅಗ್ಗದ ಬಾಕ್ಸುಗಳಲ್ಲಿ ಹೆಚ್ಚಾಗಿ ಇರುವುದು ಮೊದಲನೆಯ ಬಗೆ. ಪೆನ್ ಡ್ರೈವಿನೊಳಗೆ ತಿರುಗುವ ಭಾಗವೇ ಇಲ್ಲ, ಅದಕ್ಕೆ ಬೇಕಾದದ್ದು ಅತ್ಯಲ್ಪ. ಎರಡೂವರೆ ಇಂಚಿನ ಹಾರ್ಡ್ ಡಿಸ್ಕಿನೊಳಗಾದರೋ ಒಂದು ಮೋಟರಿದೆ. ನಿಂತ ತಟ್ಟೆಯನ್ನು ನಿಮಿಷಕ್ಕೆ 5400 ಸುತ್ತಿನ ವೇಗಕ್ಕೆ ಏರಿಸುವ ಆ ಕೆಲವು ಸೆಕೆಂಡುಗಳಲ್ಲಿ ಅದು ಸುಮಾರು 1 ಆಂಪಿಯರ್ ಕೇಳುತ್ತದೆ. ವೇಗ ಹಿಡಿದ ಮೇಲೆ ಅರ್ಧಕ್ಕಿಂತ ಕಡಿಮೆ ಸಾಕು. ಎತ್ತಿನ ಗಾಡಿ ನಿಂತಲ್ಲಿಂದ ಹೊರಡುವಾಗಲೇ ಎತ್ತುಗಳಿಗೆ ಕಷ್ಟವಾಗುವುದು, ಉರುಳತೊಡಗಿದ ಮೇಲಲ್ಲ.

ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಳದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ 5 ವೋಲ್ಟಿನ ಪಕ್ಕ ಒಂದು ಆಂಪಿಯರ್ ಸಂಖ್ಯೆ ಅಚ್ಚಾಗಿರುತ್ತದೆ. ಬಾಕ್ಸಿನ ಕಿಂಡಿಯ ಪಕ್ಕದಲ್ಲೋ ಕೈಪಿಡಿಯಲ್ಲೋ ಅಂಥದ್ದೇ ಇನ್ನೊಂದು ಸಂಖ್ಯೆ ಸಿಗುವುದುಂಟು. ಡಿಸ್ಕಿನದು ಹೆಚ್ಚಿದ್ದು ಬಾಕ್ಸಿನದು ಕಡಿಮೆಯಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಇನ್ನರ್ಧ ಕೇಬಲಿನಲ್ಲಿರುತ್ತದೆ. ಸಪೂರ ಯುಎಸ್‌ಬಿ ಕೇಬಲಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.2 ಓಮ್ ಪ್ರತಿರೋಧವಿರುತ್ತದೆ. ಒಂದೂವರೆ ಮೀಟರ್ ಕೇಬಲೆಂದರೆ ಹೋಗುವ ಎಳೆ, ಬರುವ ಎಳೆ ಸೇರಿ 3 ಮೀಟರ್, ಅಂದರೆ 0.6 ಓಮ್. ಅದರಲ್ಲಿ 1 ಆಂಪಿಯರ್ ಹರಿದರೆ 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬಾಕ್ಸ್ ಪೂರ್ತಿ 5 ವೋಲ್ಟ್ ಕೊಟ್ಟರೂ ಡಿಸ್ಕಿಗೆ ಮುಟ್ಟುವುದು 4.4. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಅಡಾಪ್ಟರಿನಿಂದಾಗಿ ಬಾಕ್ಸೇ 4.8 ಕೊಡುತ್ತಿದ್ದರೆ ಡಿಸ್ಕಿಗೆ ಉಳಿಯುವುದು ಇನ್ನೂ ಕಡಿಮೆ. ಮೋಟರು ಏಳಲು ಹೋಗಿ ಸೋಲುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ಸೋಲುತ್ತದೆ. ಕಿವಿ ಹತ್ತಿರ ತಂದರೆ ಟಿಕ್, ಮೌನ, ಟಿಕ್, ಮೌನ ಎಂಬ ಲಯ ಕೇಳುತ್ತದೆ. ದೀಪ ಹತ್ತಿ ಆರುತ್ತಿರುತ್ತದೆ. ಡಿಸ್ಕ್ ಸಾಯುತ್ತಿದೆ ಎಂದು ಹೆದರುವುದು ಸಹಜ, ಏಕೆಂದರೆ ನಿಜಕ್ಕೂ ಸಾಯುತ್ತಿರುವ ಡಿಸ್ಕಿನ ಸದ್ದೂ ಹೀಗೆಯೇ ಇರುತ್ತದೆ. ಆ ಎರಡನ್ನೂ ಬೇರ್ಪಡಿಸಲು ಇರುವ ಪರೀಕ್ಷೆ ಒಂದೇ: ಗಿಡ್ಡ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಒಮ್ಮೆ ಹಚ್ಚುವುದು. ಅಲ್ಲಿ ಸದ್ದಿಲ್ಲದೆ ಸರಾಗವಾಗಿ ತಿರುಗಿದರೆ ಡಿಸ್ಕಿಗೆ ರೋಗವಿಲ್ಲ, ಹಸಿವಿತ್ತು.

ಕೇಬಲಿನಲ್ಲಿ ಇನ್ನೊಂದು ಮೋಸವಿದೆ. ಯುಎಸ್‌ಬಿ 3.0 ಡಿಸ್ಕುಗಳ ಅಗಲವಾದ ಕಿಂಡಿಯ ಒಂದು ಭಾಗಕ್ಕೆ ಹಳೆಯ ಮೊಬೈಲ್ ಚಾರ್ಜರಿನ ಮೈಕ್ರೋ ಯುಎಸ್‌ಬಿ ತುದಿ ಸರಿಯಾಗಿ ಕೂರುತ್ತದೆ. ಮೂಲ ಕೇಬಲ್ ಕಳೆದುಹೋದಾಗ ಮನೆಯ ಡ್ರಾಯರಿನಿಂದ ಕೈಗೆ ಸಿಗುವುದು ಅದೇ. ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಆದರೆ ಕೆಲವು ಚಾರ್ಜಿಂಗ್ ಕೇಬಲುಗಳಲ್ಲಿ ಮಾಹಿತಿ ಸಾಗಿಸುವ ಎರಡು ಎಳೆಗಳೇ ಇರುವುದಿಲ್ಲ. ಡಿಸ್ಕ್ ತಿರುಗುತ್ತದೆ, ದೀಪ ಹತ್ತುತ್ತದೆ, ಬಾಕ್ಸಿಗೆ ಮಾತ್ರ ಅದರ ಸುಳಿವೇ ಸಿಗುವುದಿಲ್ಲ. ಕೇಬಲ್ ಬದಲಾಯಿಸಿ ನೋಡಲು ಒಂದು ನಿಮಿಷ ಸಾಕು. ವಿದ್ಯುತ್ ಕೊರತೆಗೂ ಪರಿಹಾರ ದುಬಾರಿಯಲ್ಲ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಅನ್ನು ನಡುವೆ ಇಟ್ಟರೆ ಡಿಸ್ಕಿಗೆ ಬೇಕಾದ ಕರೆಂಟು ಹಬ್ಬಿನಿಂದ ಬರುತ್ತದೆ, ಬಾಕ್ಸಿಗೆ ಮಾಹಿತಿಯ ಕೆಲಸ ಮಾತ್ರ ಉಳಿಯುತ್ತದೆ. ಎರಡು ತಲೆಯ ವೈ ಕೇಬಲೂ ಸಿಗುತ್ತದೆ: ಒಂದು ತಲೆ ಬಾಕ್ಸಿಗೆ, ಇನ್ನೊಂದು ಒಳ್ಳೆಯ ಮೊಬೈಲ್ ಚಾರ್ಜರಿಗೆ. ಮೂರೂವರೆ ಇಂಚಿನ ದೊಡ್ಡ ಡಿಸ್ಕುಗಳಿಗೆ ಈ ತೊಂದರೆಯಿಲ್ಲ, ಅವಕ್ಕೆ 12 ವೋಲ್ಟಿನ ಸ್ವಂತ ಅಡಾಪ್ಟರ್ ಇದ್ದೇ ಇರುತ್ತದೆ. ಏನೂ ಕೊಳ್ಳದೆ ಮಾಡಬಹುದಾದ ಪರೀಕ್ಷೆ ಇನ್ನೊಂದಿದೆ. ಕೆಲವು ಬಾಕ್ಸುಗಳು ಆನ್ ಆಗುವ ಹೊತ್ತಿನಲ್ಲೊಮ್ಮೆ ಕಿಂಡಿಯನ್ನು ನೋಡುತ್ತವೆ, ಆಗ ಡಿಸ್ಕ್ ಇನ್ನೂ ವೇಗ ಹಿಡಿಯುತ್ತಿದ್ದರೆ ಬಿಟ್ಟು ಮುಂದೆ ಹೋಗುತ್ತವೆ. ಬಾಕ್ಸ್ ಪೂರ್ತಿ ಶುರುವಾಗಿ ಚಾನೆಲ್ ಬಂದ ಮೇಲೆ ಡಿಸ್ಕ್ ಸಿಕ್ಕಿಸಿ ನೋಡುವುದು ಒಳ್ಳೆಯದು.

ಕರೆಂಟೂ ಕೇಬಲೂ ಸರಿಯಿದ್ದು, ಡಿಸ್ಕ್ ನಿರಾತಂಕವಾಗಿ ತಿರುಗುತ್ತಿದ್ದರೂ ಬಾಕ್ಸ್ ಒಪ್ಪುತ್ತಿಲ್ಲವೆಂದರೆ ಆಗ ಮಾತು ಫೈಲ್ ಸಿಸ್ಟಮಿಗೆ ಬರುತ್ತದೆ. ಡಿಸ್ಕಿನ ಮೇಲೆ ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಲೆಕ್ಕಪುಸ್ತಕ ಅದು, ಆ ಲೆಕ್ಕ ಬರೆಯುವ ಪದ್ಧತಿಗಳು ಹಲವು. ಫ್ಯಾಟ್32 ಎಂಬುದು 1996ರದು, ಬಹುತೇಕ ಎಲ್ಲ ಸಾಧನಗಳಿಗೂ ತಿಳಿದದ್ದು. ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದದ್ದು. ಎಕ್ಸ್‌ಫ್ಯಾಟ್ 2006ರದು. ಬಾಕ್ಸುಗಳ ಒಳಗಿರುವುದು ಬಹುಮಟ್ಟಿಗೆ ಲಿನಕ್ಸ್, ಮೇಲಿನ ಮೂರೂ ಮೈಕ್ರೋಸಾಫ್ಟಿನ ಮನೆಯಲ್ಲಿ ಹುಟ್ಟಿದವು. ಎಕ್ಸ್‌ಫ್ಯಾಟಿನ ವಿವರಗಳನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ತೆರೆದಿಟ್ಟದ್ದು 2019ರ ಆಗಸ್ಟಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಬಂದ ಲಿನಕ್ಸ್ 5.4ರಲ್ಲಿ ಅದಕ್ಕೆ ಮೊದಲ ಬಾರಿ ಜಾಗ ಸಿಕ್ಕಿತು. ಎನ್‌ಟಿಎಫ್‌ಎಸ್‌ನಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಪೂರ್ಣ ಬೆಂಬಲ ಲಿನಕ್ಸ್ ಕರ್ನೆಲ್‌ಗೆ ಸೇರಿದ್ದು 2021ರ 5.15ನೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಬೇರೆ ತಂತ್ರಾಂಶದ ನೆರವು ಬೇಕಿತ್ತು, ಇಲ್ಲವೇ ತಯಾರಕರು ಪರವಾನಗಿಗೆ ಹಣ ಕಟ್ಟಬೇಕಿತ್ತು. ಬೆಂಗಳೂರು, ಮೈಸೂರಿನ ಮನೆಗಳಿಗೆ ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ, ಅಂದರೆ 2013ರ ಸುಮಾರಿಗೆ ಬಂದ ಬಾಕ್ಸುಗಳು ಈಗಲೂ ಕೆಲವೆಡೆ ಓಡುತ್ತಿವೆ. ಡಿಡಿ ಫ್ರೀ ಡಿಶ್‌ಗೆಂದು ಅಂಗಡಿಯಲ್ಲಿ ಕೊಂಡ ಬಾಕ್ಸುಗಳಿಗಂತೂ ಆಮೇಲೆ ತಂತ್ರಾಂಶದ ಅಪ್‌ಡೇಟ್ ಬರುವುದೇ ಅಪರೂಪ. ಅಂಥ ಬಾಕ್ಸಿಗೆ ಎಕ್ಸ್‌ಫ್ಯಾಟ್ ಡಿಸ್ಕ್ ಕೊಟ್ಟರೆ ಅದು ಖಾಲಿ ಕಾಗದದಂತೆ ಕಾಣುತ್ತದೆ. ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆಯ ನಿಜವಾದ ಅರ್ಥ ‘ಇದರಲ್ಲಿ ಬರೆದಿರುವ ಲಿಪಿ ನನಗೆ ಬರುವುದಿಲ್ಲ’ ಎಂದು. ಡಿಸ್ಕಿನಲ್ಲಿ ಏನೂ ಇಲ್ಲ ಎಂದು ಅದು ಹೇಳುತ್ತಿಲ್ಲ.

ದೊಡ್ಡ ಡಿಸ್ಕುಗಳಿಗೆ ಇದರ ಜೊತೆಗೆ ಇನ್ನೊಂದು ತೊಡಕು. ಡಿಸ್ಕನ್ನು ಭಾಗ ಮಾಡಿ ಗುರುತು ಹಾಕುವ ಹಳೆಯ ಪದ್ಧತಿ ಎಂಬಿಆರ್. ಅದು 512 ಬೈಟಿನ ಚೌಕಗಳನ್ನು 32 ಬಿಟ್ಟಿನ ಸಂಖ್ಯೆಯಿಂದ ಎಣಿಸುವುದರಿಂದ ಸುಮಾರು 2.2 ಲಕ್ಷ ಕೋಟಿ ಬೈಟಿಗೆ, ಎಂದರೆ ಸುಮಾರು 2 ಟಿಬಿಗೆ, ಅದರ ಎಣಿಕೆ ಮುಗಿಯುತ್ತದೆ. 4 ಟಿಬಿ ಡಿಸ್ಕುಗಳು ಸಾಮಾನ್ಯವಾಗಿ ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿರುತ್ತವೆ. ಅದನ್ನು ಕಲಿಸದ ಬಾಕ್ಸಿಗೆ ಡಿಸ್ಕ್ ಕಂಡರೂ ಅದರೊಳಗಿನ ಭಾಗ ಕಾಣುವುದಿಲ್ಲ. ಬಾಕ್ಸಿಗೆಂದೇ ಡಿಸ್ಕ್ ಕೊಳ್ಳುವವರು 1 ಟಿಬಿಯದನ್ನೋ 2 ಟಿಬಿಯದನ್ನೋ ಕೊಳ್ಳುವುದು ಇದೇ ಕಾರಣಕ್ಕೆ ಜಾಣತನ.

ನಿನ್ನೆ ಓಡುತ್ತಿದ್ದ ಡಿಸ್ಕ್ ಇವತ್ತು ಓಡದಿದ್ದರೆ ಮೇಲಿನ ಯಾವುದೂ ಕಾರಣವಾಗಿರಲಿಕ್ಕಿಲ್ಲ. ಆಗ ನೆನಪಿಸಿಕೊಳ್ಳಬೇಕಾದದ್ದು ಡಿಸ್ಕನ್ನು ಹಿಂದಿನ ಸಲ ಹೇಗೆ ಬಿಚ್ಚಿದೆವು ಎಂಬುದನ್ನು. ರೆಕಾರ್ಡಿಂಗ್ ನಡೆಯುತ್ತಿರುವಾಗ ಕರೆಂಟು ಹೋದರೆ, ಅಥವಾ ಯಾರೋ ಕೇಬಲ್ ಎಳೆದರೆ, ಲೆಕ್ಕಪುಸ್ತಕದ ಕೊನೆಯ ಪುಟ ಅರ್ಧಕ್ಕೇ ನಿಲ್ಲುತ್ತದೆ. ಎನ್‌ಟಿಎಫ್‌ಎಸ್‌ನಲ್ಲೂ ಲಿನಕ್ಸಿನದೇ ಆದ ಎಕ್ಸ್‌ಟಿ4ನಲ್ಲೂ ಇಂಥ ಅಪಘಾತಕ್ಕೆಂದೇ ಒಂದು ದಿನಚರಿ ಇರುತ್ತದೆ, ಅದನ್ನು ನೋಡಿಕೊಂಡು ಲೆಕ್ಕ ಸರಿಪಡಿಸಬಹುದು. ಫ್ಯಾಟ್32ಕ್ಕೂ ಎಕ್ಸ್‌ಫ್ಯಾಟಿಗೂ ಆ ದಿನಚರಿ ಇಲ್ಲ. ಗಂಟೆಗಂಟೆಗೆ ಕರೆಂಟು ಕಣ್ಣುಮುಚ್ಚಾಲೆ ಆಡುವ ಊರುಗಳಲ್ಲಿ ರೆಕಾರ್ಡಿಂಗಿಗೆ ಫ್ಯಾಟ್ ವಂಶದ ಡಿಸ್ಕ್ ಬಳಸುವುದು ಇದರಿಂದಲೇ ಅಷ್ಟು ಕ್ಷೇಮವಲ್ಲ. ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವೂ ಇಲ್ಲಿ ತೊಡಕು ತರುತ್ತದೆ. ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕನ್ನು ತನ್ನದೆಂದೇ ಹಿಡಿದುಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಬಿಚ್ಚಿ ತಂದ ಡಿಸ್ಕನ್ನು ಬಾಕ್ಸಿನೊಳಗಿನ ಲಿನಕ್ಸ್ ಅಪಾಯವೆಂದು ತಿಳಿದು ತೆರೆಯಲು ಒಪ್ಪದಿರಬಹುದು. ಒಪ್ಪದಿರುವುದೇ ಸರಿ. ಲ್ಯಾಪ್‌ಟಾಪಿಗೆ ಮತ್ತೆ ಹಚ್ಚಿ, ಮುಖ್ಯ ಫೈಲುಗಳ ಪ್ರತಿ ತೆಗೆದುಕೊಂಡು, ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್‌ಗೆ ಹೋಗಿ ಎರರ್ ಚೆಕಿಂಗ್ ನಡೆಸಿ, ಆಮೇಲೆ ಸೇಫ್ಲಿ ರಿಮೂವ್ ಕೊಟ್ಟು ಬಿಚ್ಚಿದರೆ ಇಂಥ ಮುನಿಸು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ.

ಇಷ್ಟೆಲ್ಲ ಯಾಕೆ, ಫಾರ್ಮ್ಯಾಟ್ ಮಾಡಿದರೆ ಒಂದೇ ಏಟಿಗೆ ಸರಿಹೋಗುತ್ತದಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬಹಳ ಸಲ ಸರಿಹೋಗುತ್ತದೆ. ತೊಂದರೆ ಫೈಲ್ ಸಿಸ್ಟಮಿನದಾಗಿದ್ದರೆ ಬಾಕ್ಸ್ ತನಗೆ ಬರುವ ಲಿಪಿಯಲ್ಲಿ ಹೊಸ ಪುಸ್ತಕ ತೆರೆಯುತ್ತದೆ, ಡಿಸ್ಕ್ ತೆರೆದುಕೊಳ್ಳುತ್ತದೆ. ಹೊಸದಾಗಿ ಕೊಂಡ ಖಾಲಿ ಡಿಸ್ಕಿಗೆ ಅದೇ ಸರಿಯಾದ ದಾರಿ ಕೂಡ. ಆದರೆ ತೊಂದರೆ ವಿದ್ಯುತ್ತಿನದಾಗಿದ್ದರೆ ಫಾರ್ಮ್ಯಾಟ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಬರೆಯುವಾಗ ಡಿಸ್ಕ್ ಓದುವಾಗಿನಷ್ಟೇ ಕರೆಂಟು ಕೇಳುತ್ತದೆ. ಮೊದಲೇ ಬಳಲಿದ ಡಿಸ್ಕ್ ನಡುವೆ ನಿಂತುಹೋದರೆ ಹಳೆಯ ಲೆಕ್ಕವೂ ಅಳಿದಿರುತ್ತದೆ, ಹೊಸದೂ ಪೂರ್ತಿಯಾಗಿರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಡಿಸ್ಕ್ ಈಗ ಅಲ್ಲೂ ಓಡುವುದಿಲ್ಲ. ಫಾರ್ಮ್ಯಾಟ್ ಆದ ಮೇಲೂ ಫೈಲುಗಳನ್ನು ಹಿಂದಕ್ಕೆ ತರಬಹುದಲ್ಲ ಎನ್ನುವವರಿದ್ದಾರೆ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಲೆಕ್ಕಪುಸ್ತಕವನ್ನು ಮಾತ್ರ, ಸರಕು ಅಲ್ಲೇ ಬಿದ್ದಿರುತ್ತದೆ ಎಂಬುದು ನಿಜವೇ. ಸೆಟ್ ಟಾಪ್ ಬಾಕ್ಸಿನಲ್ಲಿ ಮಾತ್ರ ಆ ಭರವಸೆ ತೆಳು. ಲೈವ್ ಕಾರ್ಯಕ್ರಮ ನಿಲ್ಲಿಸಿ ಮುಂದುವರಿಸುವ ಟೈಮ್ ಶಿಫ್ಟ್ ಸೌಲಭ್ಯವಿರುವ ಬಾಕ್ಸುಗಳಲ್ಲಿ ಕೆಲವು, ಡಿಸ್ಕ್ ಸಿಕ್ಕ ಕೂಡಲೇ ಅದಕ್ಕೆಂದು ಹಲವು ಜಿಬಿ ಜಾಗ ಹಿಡಿದು ನೋಡುತ್ತಿರುವ ಚಾನೆಲನ್ನು ಬರೆಯತೊಡಗುತ್ತವೆ. ಬಿದ್ದಿರುವ ಹಳೆಯ ಸರಕಿನ ಮೇಲೆಯೇ ಹೊಸ ಸರಕು ಬಂದು ಕೂರುತ್ತದೆ. ಮುಚ್ಚಿಹೋದದ್ದನ್ನು ಯಾವ ತಂತ್ರಾಂಶವೂ ಎತ್ತಿಕೊಡಲಾರದು. ಕೈತಪ್ಪಿ ಫಾರ್ಮ್ಯಾಟ್ ಆಗಿಯೇ ಹೋಗಿದ್ದರೆ ಆ ಕ್ಷಣವೇ ಬಾಕ್ಸ್ ಆರಿಸಿ ಡಿಸ್ಕ್ ಬಿಚ್ಚುವುದು, ಆಮೇಲೆ ಅದಕ್ಕೆ ಏನನ್ನೂ ಬರೆಯದಿರುವುದು, ಇಷ್ಟೇ ಉಳಿದಿರುವ ದಾರಿ.

ಎಲ್ಲರಿಗೂ ಅರ್ಥವಾಗುವ ಫ್ಯಾಟ್32ಕ್ಕೇ ಬದಲಾಯಿಸಿಬಿಡಿ ಎಂಬ ಸಲಹೆಯೂ ಪ್ರಚಲಿತ. ಫೋಟೊ, ಹಾಡುಗಳಿಗೆ ಅದು ಒಳ್ಳೆಯದೇ. ವಿಡಿಯೊಗೆ ಬಂದಾಗ ಅದರ ಮಿತಿ ಗೊತ್ತಾಗುತ್ತದೆ: ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಎಚ್‌ಡಿ ವಿಡಿಯೊ ಸುಮಾರು 70 ನಿಮಿಷಕ್ಕೆ ಆ ಗೆರೆ ಮುಟ್ಟುತ್ತದೆ. ವಿಡಿಯೊದವರು ಕೊಟ್ಟ ಮದುವೆಯ ಫೈಲು ಒಂದೇ ತುಂಡಾಗಿ 10 ಜಿಬಿ ಇದ್ದರೆ ಅದು ಫ್ಯಾಟ್32 ಡಿಸ್ಕಿಗೆ ಹೋಗುವುದೇ ಇಲ್ಲ. ಇನ್ನು ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಬಹುಕಾಲದಿಂದ 32 ಜಿಬಿಗಿಂತ ದೊಡ್ಡ ಡಿಸ್ಕಿಗೆ ಫ್ಯಾಟ್32 ಆಯ್ಕೆಯನ್ನು ತೋರಿಸುತ್ತಲೇ ಇರಲಿಲ್ಲ, ಸಲಹೆ ಕೇಳಿ ಕೂತವರು ಅಲ್ಲೇ ತಬ್ಬಿಬ್ಬಾಗುತ್ತಿದ್ದರು. ಬಾಕ್ಸಿನ ಕೈಪಿಡಿ ಎನ್‌ಟಿಎಫ್‌ಎಸ್ ಒಪ್ಪುತ್ತದೆ ಎಂದರೆ ಅದೇ ಮೇಲು. ಯಾವುದನ್ನೇ ಆರಿಸಿ, ಡಿಸ್ಕಿನಲ್ಲಿರುವುದರ ಪ್ರತಿ ಮೊದಲು ಬೇರೆಡೆ ಇರಬೇಕು. 1 ಟಿಬಿ ತುಂಬಿದ ಡಿಸ್ಕಿನ ಪ್ರತಿ ತೆಗೆಯಲು ಯುಎಸ್‌ಬಿ 2.0 ದಾರಿಯಲ್ಲಿ ಎಂಟು ಗಂಟೆಗೂ ಮಿಕ್ಕಿ ಬೇಕು, 3.0 ದಾರಿಯಲ್ಲಿ ಮೂರು ಗಂಟೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆಗೆ ಮುಗಿದಿರುತ್ತದೆ. ಅಷ್ಟು ಸಮಯ ಯಾರಿಗಿದೆ ಎಂಬ ಪ್ರಶ್ನೆ ಬಂದರೆ, ತೀರಿಹೋದ ಅಜ್ಜನ ದನಿ ಇರುವ ಒಂದೇ ವಿಡಿಯೊ ಆ ಡಿಸ್ಕಿನಲ್ಲಿರುವ ಮನೆಯವರು ಆ ರಾತ್ರಿಯನ್ನು ಕೊಡಲು ಹಿಂಜರಿಯಲಾರರು ಎಂದೇ ನನ್ನ ನಂಬಿಕೆ.

ಇದೇ ತಪ್ಪು ತಿರುಗಾಮುರುಗಾ ಆಗುವುದೂ ಉಂಟು. ಬಾಕ್ಸಿನಲ್ಲಿ ತಿಂಗಳುಗಟ್ಟಲೆ ರೆಕಾರ್ಡ್ ಮಾಡಿದ ಡಿಸ್ಕನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಚ್ಚಿದಾಗ ಈ ಸಲ ಫಾರ್ಮ್ಯಾಟ್ ಮಾಡಬೇಕೆಂದು ಕೇಳುವುದು ವಿಂಡೋಸ್. ಬಾಕ್ಸ್ ಎಕ್ಸ್‌ಟಿ4ನಂಥ ಲಿನಕ್ಸ್ ಲಿಪಿಯಲ್ಲಿ ಬರೆದಿರುತ್ತದೆ, ಅದು ವಿಂಡೋಸಿಗೆ ಬರುವುದಿಲ್ಲ. ಇಲ್ಲೂ ಉತ್ತರ ‘ಬೇಡ’ ಎಂದೇ. ಪಾವತಿ ಚಾನೆಲುಗಳ ಬಾಕ್ಸಾದರೆ ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲು ಕಂಡರೂ ಚಿತ್ರ ಓಡದಿರಬಹುದು, ಏಕೆಂದರೆ ಅಂಥ ರೆಕಾರ್ಡಿಂಗನ್ನು ಅದೇ ಬಾಕ್ಸಿನಲ್ಲಿ ಮಾತ್ರ ಬಿಚ್ಚುವಂತೆ ಬೀಗ ಹಾಕಿ ಇಡುವುದು ಸಾಮಾನ್ಯ. ಬಾಕ್ಸ್ ಬದಲಾದರೆ ರೆಕಾರ್ಡಿಂಗೂ ಹೋಯಿತು. ಇದು ಡಿಸ್ಕಿನ ದೋಷವಲ್ಲ, ಅಲ್ಲಿ ದುರಸ್ತಿ ಮಾಡಲು ಏನೂ ಇಲ್ಲ.

ನಿಜವಾಗಿ ಕೆಟ್ಟ ಡಿಸ್ಕೂ ಇರುತ್ತದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಗಿಡ್ಡ ಕೇಬಲಿನಲ್ಲಿ, ಒಳ್ಳೆಯ ಲ್ಯಾಪ್‌ಟಾಪಿನಲ್ಲೂ ಟಿಕ್ ಟಿಕ್ ಎನ್ನುತ್ತಲೇ ಇದ್ದರೆ, ಕೆಳಗೆ ಬಿದ್ದ ಮೇಲೆ ಸದ್ದು ಶುರುವಾಗಿದ್ದರೆ, ಇನ್ನೊಂದು ಸಲ ನೋಡೋಣ ಎಂದು ಮತ್ತೆ ಮತ್ತೆ ಹಚ್ಚಬಾರದು. ಓದುವ ತಲೆ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸಲವೂ ಇನ್ನಷ್ಟು ಗೀರುತ್ತದೆ. ಅಲ್ಲಿಂದ ಮುಂದೆ ಅದು ಡೇಟಾ ರಿಕವರಿ ಮಾಡುವವರ ಕೆಲಸ.

ಈ ಇಡೀ ಗೊಂದಲದಲ್ಲಿ ಬಳಕೆದಾರರ ಮೇಲೆ ಹೊರೆ ಹೊರಿಸಿ ತಯಾರಕರನ್ನು ಬಿಟ್ಟುಬಿಟ್ಟರೆ ಅನ್ಯಾಯ. ಬಾಕ್ಸಿನೊಳಗಿನ ಲಿನಕ್ಸಿಗೆ ಏನಾಯಿತೆಂಬುದು ಬಹುಮಟ್ಟಿಗೆ ಗೊತ್ತಿರುತ್ತದೆ. ಕಿಂಡಿಯಲ್ಲಿ ಮಿತಿಮೀರಿ ಕರೆಂಟು ಹರಿದಾಗ ಅದನ್ನು ಕಡಿಯುವ ಚಿಪ್ ಸುದ್ದಿ ಮುಟ್ಟಿಸುವಂತೆ ಮಾಡಲು ಬರುತ್ತದೆ. ಸಾಧನ ಸಿಕ್ಕಿತು ಆದರೆ ಗುರುತು ಹೇಳಲಿಲ್ಲ, ಗುರುತು ಹೇಳಿತು ಆದರೆ ಒಳಗಿನ ಭಾಗ ಕಾಣಲಿಲ್ಲ, ಭಾಗ ಕಂಡಿತು ಆದರೆ ಫೈಲ್ ಸಿಸ್ಟಮ್ ಪರಿಚಯವಿಲ್ಲ, ಪರಿಚಯವಿದೆ ಆದರೆ ಸರಿಯಾಗಿ ಮುಚ್ಚಿಲ್ಲ ಎಂದು ಕರ್ನೆಲ್ ತನ್ನ ದಾಖಲೆಯಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳುತ್ತದೆ. ಪರದೆಗೆ ಬರುವ ಹೊತ್ತಿಗೆ ಅವೆಲ್ಲ ಸೇರಿ ಒಂದೇ ಸಾಲಾಗುತ್ತವೆ, ಇಲ್ಲವೇ ಅಪಾಯದ ಆ ಪ್ರಶ್ನೆಯಾಗುತ್ತವೆ. ಇದನ್ನು ಸರಿಪಡಿಸಲು ಹೊಸ ಚಿಪ್ ಬೇಡ, ಬೆಲೆ ಏರಬೇಕಿಲ್ಲ. ಚಾನೆಲ್ ಪಟ್ಟಿಯನ್ನು ಕನ್ನಡದಲ್ಲಿ ತೋರಿಸಬಲ್ಲ ಬಾಕ್ಸ್ ಇಂಥ ಒಂದು ಸಾಲನ್ನೂ ಕನ್ನಡದಲ್ಲಿ ತೋರಿಸಬಲ್ಲದು: ‘ಡಿಸ್ಕ್ ಸಿಕ್ಕಿದೆ. ಎಕ್ಸ್‌ಫ್ಯಾಟ್‌ನಲ್ಲಿದೆ, ನನಗೆ ಓದಲು ಬರುವುದಿಲ್ಲ. ಒಳಗೆ ನಿಮ್ಮ ಫೈಲುಗಳಿರಬಹುದು, ಕಂಪ್ಯೂಟರಿನಲ್ಲಿ ನೋಡಿ.’